ಹಳೆಯ ಗಿಯರ್ ಸೈಕಲ್ಲಿನ ಫ್ರೀವೀಲ್‌ಗೆ ಉಳಿ ತಾಗಿಸಲು ಬಿಡಬೇಡಿ

ಕಾಸರಗೋಡಿನ ಉಪ್ಪಳ, ಕುಂಬಳೆ, ಬದಿಯಡ್ಕದ ಕಡೆ ಹಳೆಯ ರೇಸ್ ಸೈಕಲ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ. ಹಿಂದಿನ ಚಕ್ರದ ಗಿಯರ್, ಅಂದರೆ ಹಲ್ಲುಚಕ್ರಗಳೆಲ್ಲ ಸೇರಿದ ಫ್ರೀವೀಲ್ ಎಂಬ ಕಟ್ಟು, ಬಿಚ್ಚಿಸುವ ಮೊದಲು ಅಂಗಡಿಯವರಲ್ಲಿ ಒಂದು ಮಾತು ಕೇಳಿ: “ಈ ಫ್ರೀವೀಲ್‌ಗೆ ಹೊಂದುವ ಟೂಲ್ ನಿಮ್ಮಲ್ಲಿದೆಯೇ? ತೋರಿಸಿ.” ತೋರಿಸದಿದ್ದರೆ ಚಕ್ರವನ್ನು ಎತ್ತಿಕೊಂಡು ಮನೆಗೆ ಬನ್ನಿ.

ನನ್ನದು ಚಿಕ್ಕಪ್ಪ ಗಲ್ಫಿನಿಂದ ತಂದ ಸೈಕಲ್, ಹಿಂದೆ ಆರು ಹಲ್ಲುಚಕ್ರ. ಮಳೆಗಾಲ ಕಳೆದ ಮೇಲೆ ಪೆಡಲ್ ತುಳಿದರೆ ಒಮ್ಮೊಮ್ಮೆ ಹಿಡಿಯದೆ ಬರಿದೇ ಸುತ್ತುತ್ತಿತ್ತು. ಒಳಗಿನ ಕೊಳೆ ತೊಳೆದು ಎಣ್ಣೆ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುವ ತೊಂದರೆ. ನಮ್ಮ ಕಡೆಯ ಒಂದು ಅಂಗಡಿಗೆ ಚಕ್ರ ಕೊಟ್ಟೆ. ಆಕ್ಸಲ್ ಸುತ್ತ ಟೂಲ್ ಕೂರಲೆಂದೇ ಎರಡು ಕಚ್ಚುಗಳಿವೆ, ಅದಕ್ಕೆ ಅದರದ್ದೇ ಟೂಲ್ ಬೇಕು ಎಂದು ಬೆರಳಿಟ್ಟು ತೋರಿಸಿಯೂ ಹೇಳಿದೆ. “ಅದೆಲ್ಲ ಬೇಡ ಮಾರಾಯರೇ, ನಾವು ದಿನಾ ಬಿಚ್ಚುವುದು ಉಳಿಯಲ್ಲೇ” ಎಂದರು. “ಉಳಿ ಬೇಡ, ಟೂಲ್ ತರಿಸಿಕೊಂಡೇ ಮಾಡಿ” ಎಂದು ಹೇಳಿ ಬಂದೆ.

ಸಂಜೆ ಹೋಗಿ ನೋಡಿದರೆ ಕಚ್ಚುಗಳ ಅಂಚು ಕಿತ್ತು ಹೋಗಿತ್ತು. ಉಳಿ ಜಾರಿದ ಕಡೆ, ಹಬ್ಬಿನ (ಚಕ್ರದ ನಡುವಿನ ಭಾಗ) ಕಡ್ಡಿಗಳು ಕೂರುವ ಅಲ್ಯೂಮಿನಿಯಂ ಅಂಚಿನಲ್ಲಿ, ಒಂದು ತೂತಿನಿಂದ ಪಕ್ಕದ ತೂತಿನವರೆಗೆ ಕೂದಲೆಳೆಯಷ್ಟು ಬಿರುಕು. ಫ್ರೀವೀಲ್ ಬರಲಿಲ್ಲವೆಂದು ಅದರ ಮೇಲಿನ ಮುಚ್ಚಳಕ್ಕೂ ಹೊಡೆದಿದ್ದರು. ಆ ಮುಚ್ಚಳದ ಮರೆ (ತಿರುಪಿನ ಎಳೆ) ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡಿತ್ತು. ಒಳಗಿನ ಸಾಸಿವೆಗಿಂತ ತುಸು ದೊಡ್ಡ ಗುಂಡುಗಳೆಲ್ಲ ನೆಲಕ್ಕೆ ಚೆಲ್ಲಿದ್ದವು. ಸಿಕ್ಕಷ್ಟನ್ನು ಹೆಕ್ಕಿ ಪೇಪರಿನಲ್ಲಿ ಕಟ್ಟಿ ಕೊಟ್ಟರು. ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ಕೊಕ್ಕೆಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಆ ಪೊಟ್ಟಣದಲ್ಲಿ ಇರಲಿಲ್ಲ.

“ಹಳೆಯ ಮಾಲು, ಏನು ಮಾಡುವುದು” ಎಂಬ ಅವರ ಉತ್ತರ ನೆನೆದರೆ ಈಗಲೂ ಮೈ ಉರಿಯುತ್ತದೆ. ಹಳೆಯದಾದ್ದರಿಂದಲೇ ಅಲ್ಲವೇ ಜೋಪಾನ ಬೇಕಿದ್ದದ್ದು! ಆ ಕಾಲದ ಆರು ಗಿಯರಿನ ಫ್ರೇಮಿನಲ್ಲಿ ಹಿಂದಿನ ಹಬ್ಬಿಗೆ ಇರುವ ಜಾಗ ಸಾಮಾನ್ಯವಾಗಿ 126 ಮಿ.ಮೀ. ನಂತರ ಬಂದ ರಿಮ್ ಬ್ರೇಕಿನ ರೋಡ್ ಬೈಕುಗಳ ಹಬ್ 130 ಮಿ.ಮೀ. ಅಂಗಡಿಯಿಂದ ಹೊಸ ಚಕ್ರ ತಂದು ಸಿಕ್ಕಿಸಿ ಹೊರಡುವ ಹಾಗಿಲ್ಲ.

ಫ್ರೀವೀಲ್ ಇಷ್ಟು ಬಿಗಿಯಾಗಿರಲು ಕಾರಣವಿದೆ. ಅದು ಹಬ್ಬಿನ ಮರೆಗೆ ತಿರುಗಿ ಕೂತಿರುತ್ತದೆ, ತುಳಿದಷ್ಟೂ ಇನ್ನಷ್ಟು ಬಿಗಿಯಾಗುತ್ತದೆ. ಜೊತೆಗೆ ನಮ್ಮದು ಕಡಲಕರೆಯ ಉಪ್ಪುಗಾಳಿ. ಅಲ್ಯೂಮಿನಿಯಂ ಹಬ್ಬಿನ ಮೇಲೆ ಉಕ್ಕು ಕೂತಿದ್ದರೆ ನಡುವೆ ತುಕ್ಕಿನಂಥ ಪದರ ಹುಟ್ಟಿ ಎರಡೂ ಕಚ್ಚಿಕೊಳ್ಳುತ್ತವೆ. ಸಾದಾ ಸೈಕಲ್ಲಿನ ಉಕ್ಕಿನ ಹಬ್ ಉಳಿಯ ಏಟು ತಡೆದೀತು, ಇದು ತಡೆಯುವುದಿಲ್ಲ.

ಬಿಚ್ಚುವ ಕ್ರಮ ಇಷ್ಟೇ. ಟೂಲನ್ನು ಕಚ್ಚಿಗೆ ಕೂರಿಸಿ, ಆಕ್ಸಲ್ ನಟ್ಟಿನಿಂದ ಅದು ಜಾರದಂತೆ ಹಿಡಿಸಬೇಕು. ಗಿಯರ್ ಕೆಳಗೆ ಬರುವಂತೆ ಟೂಲನ್ನು ಬೆಂಚಿಗೆ ಬಿಗಿದ ಇಕ್ಕಳಕ್ಕೆ, ಅಂದರೆ ವೈಸ್‌ಗೆ ಕಚ್ಚಿಸಿ, ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಬೇಕು. ಸಡಿಲವಾದ ಕೂಡಲೇ ನಟ್ಟನ್ನೂ ಸಡಿಲಿಸಬೇಕು, ಇಲ್ಲವಾದರೆ ಆಕ್ಸಲ್‌ಗೆ ಪೆಟ್ಟು. ಯಾರಾದರೂ “ಮೊದಲು ಕಡ್ಡಿ ಬಿಚ್ಚೋಣ” ಎಂದರೆ ಖಂಡಿತ ಒಪ್ಪಬೇಡಿ. ರಿಮ್ ಕೈಬಿಟ್ಟರೆ ಹಬ್ಬನ್ನು ತಿರುಗಿಸಲು ಹಿಡಿತವೇ ಸಿಗುವುದಿಲ್ಲ. ತಿರುಗಿ ಹಾಕುವಾಗ ಮರೆಗೆ ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನು ಕೈಯಲ್ಲೇ ಹಾಕಿಸಿ.

ಟೂಲ್ ಹುಡುಕುವ ಮೊದಲು ನಿಮ್ಮದು ಫ್ರೀವೀಲೋ ಕ್ಯಾಸೆಟ್ಟೋ ನೋಡಿಕೊಳ್ಳಿ. ಕ್ಯಾಸೆಟ್ ಎಂದರೆ ಹಲ್ಲುಚಕ್ರಗಳು ಮಾತ್ರ ಕಳಚಿ ಬರುವ, ಕೊಕ್ಕೆಗಳಿರುವ ಭಾಗ ಹಬ್ಬಿನಲ್ಲೇ ಉಳಿಯುವ ಬಗೆ. ಹಲ್ಲುಚಕ್ರಗಳನ್ನು ಹಿಂದಕ್ಕೆ ಸುತ್ತಿಸಿ. ಟೂಲ್ ಕೂರುವ ಭಾಗ ಅಲ್ಲಾಡದೆ ನಿಂತಿದ್ದರೆ ಫ್ರೀವೀಲ್, ಜೊತೆಗೇ ಸುತ್ತಿದರೆ ಕ್ಯಾಸೆಟ್. ತೊಳೆಯಲು ಮುಚ್ಚಳ ತೆರೆಯಬೇಕಾದ್ದೇ ಇಲ್ಲ. ಬಿಚ್ಚಿದ ಫ್ರೀವೀಲ್‌ನ ಸಂದಿಗೆ ಚಿಮಿಣಿ ಎಣ್ಣೆ ಬಿಟ್ಟು ಸುತ್ತಿಸಿ, ಕೊಳೆ ಇಳಿದ ಮೇಲೆ ಒಣಗಿಸಿ ತೆಳು ಎಣ್ಣೆ ಹಾಕಿ. ಒಳಗೆ ದಪ್ಪ ಗ್ರೀಸ್ ತುಂಬಿಸಲು ಬಿಡಬೇಡಿ, ಕೊಕ್ಕೆಗಳು ಅಂಟಿಕೊಂಡು ಮತ್ತೆ ಬರಿದೇ ಸುತ್ತುತ್ತದೆ.

ನನ್ನ ಹಬ್ಬಿನಲ್ಲಿ ಉಳಿದಿದ್ದ ಒಳಭಾಗವನ್ನು ಕೊನೆಗೆ ಲೇತ್ ಅಂಗಡಿಯಲ್ಲಿ ವೈಸ್‌ಗೆ ಕಚ್ಚಿಸಿ ತೆಗೆಸಿದೆ. ಬಿರುಕುಬಿಟ್ಟ ಹಬ್ ಮಾತ್ರ ಇನ್ನು ಬಳಕೆಗಿಲ್ಲ. ನಿಮ್ಮದರಲ್ಲಿ ಫ್ರೀವೀಲ್ ಮಾತ್ರ ಕೆಟ್ಟು ಹಬ್ ಗಟ್ಟಿಯಿದ್ದರೆ ಎದೆಗುಂದಬೇಡಿ. 1.37 ಇಂಚು, ಇಂಚಿಗೆ 24 ಎಳೆಯ ಮರೆ ಇದ್ದರೆ ಆರು, ಏಳು ಗಿಯರಿನ ಹೊಸ ಫ್ರೀವೀಲ್ ಈಗಲೂ ತಯಾರಾಗುತ್ತದೆ. ಹಳೆಯ ಫ್ರೆಂಚ್ ಹಬ್ಬುಗಳ ಅಳತೆ ಬೇರೆ, ಕೊಳ್ಳುವ ಮೊದಲು ಅಳೆಸಿ.