ಖಿನ್ನತೆಗೆ ಮಾತ್ರೆಯೋ, ಮಾತಿನ ಚಿಕಿತ್ಸೆಯೋ?

ಸುಗ್ಗಿಯ ದಿನಗಳಲ್ಲಿ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕುಳಿತರೂ ಕೈ ಓಡದೆ, ನಿದ್ದೆ, ಹಸಿವು, ಆಸಕ್ತಿಗಳು ಎರಡು ವಾರಕ್ಕೂ ಮಿಕ್ಕಿ ಕುಂದಿದ್ದರೆ, ಅದನ್ನು ಸೋಮಾರಿತನವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಲಕ್ಷಣಗಳು ಸೌಮ್ಯವಾಗಿದ್ದರೆ ಮಾತಿನ ಚಿಕಿತ್ಸೆಯಿಂದ ಆರಂಭಿಸುವುದೇ ಲೇಸು. ಯೋಚನೆ ಹಿಡಿಯುವ ಜಾಡನ್ನು ಗುರುತಿಸುವುದನ್ನೂ ಬಿಟ್ಟುಹೋದ ಕೆಲಸಗಳನ್ನು ಸ್ವಲ್ಪಸ್ವಲ್ಪವಾಗಿ ಮತ್ತೆ ಹಿಡಿಯುವುದನ್ನೂ ಅಲ್ಲಿ ಕಲಿಸುತ್ತಾರೆ. ಆದರೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಹೋಗಬೇಕಾಗುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಹಾಸಿಗೆ ಬಿಟ್ಟೇಳುವುದೇ ಕಷ್ಟವಾದವರಿಗೆ, ಅದೂ ಆಷಾಢದ ಮಳೆಯಲ್ಲಿ, ಇದು ಸಣ್ಣ ಮಾತಲ್ಲ.

ಮಾತ್ರೆಗೆ ಅಷ್ಟು ಓಡಾಟ ಬೇಡ, ತಾಳ್ಮೆ ಬೇಕು. ಗುಣ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಹಿಡಿಯುತ್ತದೆ, ಹೊಟ್ಟೆ ತೊಳಸುವಂತಹ ಅಡ್ಡಪರಿಣಾಮಗಳು ಮಾತ್ರ ಅದಕ್ಕೂ ಮೊದಲೇ ಬರಬಹುದು. ಈ ನಡುವಿನ ದಿನಗಳಲ್ಲಿಯೇ ಅನೇಕರು ಕೈಬಿಡುತ್ತಾರೆ. ಚೇತರಿಸಿಕೊಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕಾಗುತ್ತದೆ, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಖಿನ್ನತೆ ನಿವಾರಕ ಮಾತ್ರೆ ಹೆಂಡದಂತೆ ಚಟ ಹಿಡಿಸುತ್ತದೆ ಎಂಬ ನಮ್ಮ ಕಡೆಯ ಭಯಕ್ಕೆ ಆಧಾರವಿಲ್ಲ.

ಖಿನ್ನತೆ ತೀವ್ರವಾಗಿದ್ದರೆ ಎರಡನ್ನೂ ಜೊತೆಯಾಗಿ ಪಡೆಯುವುದು ಉತ್ತಮ. ಸಾಯುವ ಯೋಚನೆ ಸುಳಿದರೆ ಆಯ್ಕೆಯ ಲೆಕ್ಕಾಚಾರ ಬದಿಗಿಟ್ಟು ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು, ಇಲ್ಲವೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು. ಅದು ಉಚಿತ, ಹಗಲುರಾತ್ರಿ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು.