ದೊಡ್ಡಬಳ್ಳಾಪುರ ರಸ್ತೆಯ ಮೊಲದ ಫಾರಂ: ಚಿಂಚಿಲ್ಲಾ ಜೋಡಿ ತಂದು ಒಂಬತ್ತು ತಿಂಗಳಾಯಿತು

ಮೊದಲು ಪೇಟೆಯ ಒಂದು ಅಂಗಡಿಯಲ್ಲಿ ಚಿಂಚಿಲ್ಲಾ (ಬೂದು ಬಣ್ಣದ ಒಂದು ಮೊಲದ ತಳಿ) ಅಂತ ಹೇಳಿ ಕೊಟ್ಟ ಜೋಡಿ ಮೊದಲ ಸೂಲಿಗೇ ಬಿಳಿ, ಕಪ್ಪು, ಕಂದು ಅಂತ ಎಲ್ಲ ಬಣ್ಣದ ಮರಿ ಹಾಕಿತ್ತು. ತುಂಬಾ ಬೇಜಾರಾಗಿತ್ತು. ಶುದ್ಧ ತಳಿ ಸಿಗುವವರೆಗೆ ಮೊಲ ತರುವುದೇ ಬೇಡ ಅಂತ ಒಂದು ವರ್ಷ ಸುಮ್ಮನಿದ್ದೆ.

ಯಲಹಂಕ ದಾಟಿ ಒಳಗೆ ಹೋದರೆ ಸಿಗುವ ಈ ಫಾರಂಗೆ ಕಳೆದ ಜೂನ್‌ನಲ್ಲಿ ಹೋದೆ. ಇಲ್ಲಿರುವುದು ಸೋವಿಯತ್ ಚಿಂಚಿಲ್ಲಾ. 1913ರಲ್ಲಿ ಫ್ರಾನ್ಸಿನಲ್ಲಿ ಮೊದಲು ಪ್ರದರ್ಶನಕ್ಕೆ ಬಂದ ಚಿಂಚಿಲ್ಲಾ ಮೊಲವನ್ನು ವೈಟ್ ಜೈಂಟ್ ಅನ್ನುವ ದೊಡ್ಡ ಬಿಳಿ ಮೊಲದ ತಳಿ ಜೊತೆ ಕೂಡಿಸಿ ಸೋವಿಯತ್ ರಷ್ಯಾದಲ್ಲಿ ಬೆಳೆಸಿದ ತಳಿ. ನಮ್ಮ ದಕ್ಷಿಣದಲ್ಲಿ ಕೊಡೈಕೆನಾಲ್ ಹತ್ತಿರದ ಮನ್ನವನೂರಿನ ಸರ್ಕಾರಿ ಕೇಂದ್ರದಲ್ಲೂ ಸಾಕುತ್ತಾರೆ.

ಫಾರಂನವರು ಮೊಲವನ್ನು ಮಡಿಲಲ್ಲಿ ಇಟ್ಟುಕೊಂಡು ಬೆನ್ನಿನ ಕೂದಲಿಗೆ ಉಫ್ ಅಂತ ಊದಿದರು. ಬುಡದಲ್ಲಿ ನೀಲಿ ಬೂದು, ನಡುವೆ ಮುತ್ತಿನ ಬಿಳಿ, ತುದಿ ಕಪ್ಪು, ಬಳೆ ಬಳೆಯಾಗಿ ಕಂಡಿತು. ಎಷ್ಟು ಚೆಂದ ಅಂತೀರಿ! ಪ್ರತಿ ಮೊಲಕ್ಕೂ ಅಪ್ಪ, ಅಮ್ಮ, ಹುಟ್ಟಿದ ದಿನ ಬರೆದ ಕಾರ್ಡ್ ಇದೆ. ನಾನು ಇಷ್ಟಪಟ್ಟ ಎರಡು ಮರಿ ಕೇಳಿದರೆ, "ಒಂದೇ ತಾಯಿ ಮರಿಗಳನ್ನ ಜೋಡಿ ಮಾಡಿ ಕೊಡಲ್ಲ ಮೇಡಂ" ಅಂತ ಬೇರೆ ವಂಶದ ಗಂಡು ಕೊಟ್ಟರು. ವ್ಯಾಪಾರ ಮಾತ್ರ ನೋಡುವವರು ಹೀಗೆ ಮಾಡಲ್ಲ, ಅಲ್ವಾ?

ಕೊಟ್ಟ ಮೇಲೂ ಕೈ ಬಿಡಲಿಲ್ಲ. ಹೆಣ್ಣನ್ನೇ ಗಂಡಿನ ಪಂಜರಕ್ಕೆ ಬಿಡಿ, ಉಲ್ಟಾ ಮಾಡಿದರೆ ಕಚ್ಚಾಡುತ್ತವೆ, ಜೋಡಿ ಮಾಡಿದ 28ನೇ ದಿನ ಮರಿ ಹಾಕೋಕೆ ಒಂದು ಪೆಟ್ಟಿಗೆ ಇಡಿ ಅಂತ ಹೇಳಿಕೊಟ್ಟರು. 31ನೇ ದಿನ ಬೆಳಿಗ್ಗೆ ನೋಡಿದರೆ ಎದೆಯ ಕೂದಲು ಕಿತ್ತು ಹಾಸಿ ಏಳು ಮರಿ ಹಾಕಿತ್ತು. ಆದರೆ ತಾಯಿ ಪೆಟ್ಟಿಗೆ ಹತ್ತಿರವೇ ಹೋಗುತ್ತಿರಲಿಲ್ಲ, ಮರಿ ಉಪವಾಸ ಬಿದ್ದು ಸತ್ತೇ ಹೋಗುತ್ತವೆ ಅಂತ ಗಾಬರಿಯಾಗಿ ರಾತ್ರಿ ಹತ್ತಕ್ಕೆ ಫೋನ್ ಮಾಡಿದೆ. ಮೊಲ ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷ ಹಾಲು ಕೊಡುವುದು, ಮರಿಯ ಹೊಟ್ಟೆ ಮುಟ್ಟಿ ನೋಡಿ ಅಂದರು. ಮುಟ್ಟಿದೆ, ಪುಟ್ಟ ಬಲೂನಿನ ಹಾಗೆ ಗುಂಡಗಿತ್ತು. ಒಂದು ಮರಿ ಹೋಯಿತು. ಉಳಿದ ಆರೂ ಅಪ್ಪ ಅಮ್ಮನದೇ ಬಣ್ಣ.

ಒಂದು ದೂರು ಇದೆ. ಅವರೇ ಮಾರುವ ಪಂಜರದ ತಳ ಬರೀ ತಂತಿ. ಇಷ್ಟು ಭಾರದ ಮೊಲಕ್ಕೆ ಅದು ಸರಿಯಲ್ಲ, ನನ್ನ ಗಂಡಿನ ಹಿಂಗಾಲು ಹುಣ್ಣಾಯಿತು. ಒಂದು ಹಲಗೆ ಇಟ್ಟ ಮೇಲೆ ವಾಸಿಯಾಯಿತು. ಪಂಜರ ಬೇರೆ ಕಡೆ ಮಾಡಿಸಿಕೊಳ್ಳಿ.

ಈಗ ಬಿಸಿಲು ಶುರುವಾಗಿದೆ. ಸೆಕೆಗೆ ಗಂಡು ಮೊಲದ ಮರಿ ಹುಟ್ಟಿಸುವ ಶಕ್ತಿ ಕಡಿಮೆಯಾಗುತ್ತದೆ, ಏಪ್ರಿಲ್, ಮೇನಲ್ಲಿ ಜೋಡಿ ಮಾಡಬೇಡಿ ಅಂದಿದ್ದಾರೆ. ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಗಾಳಿಯಾಡುವ ಬುಟ್ಟಿ ತೆಗೆದುಕೊಂಡು ಹೋಗಿ.