ಲೋಗೊಗೆ ಪಿಡಿಎಫ್, ಪಿಎನ್‌ಜಿ, ಜೆಪೆಗ್: ಯಾವುದು ಎಲ್ಲಿಗೆ?

ಹೊಸ ಬೇಕರಿಯ ಲೋಗೊವನ್ನು ಯಾವ ರೂಪದಲ್ಲಿ ಪಡೆಯಬೇಕೆಂಬ ನಿಮ್ಮ ಪ್ರಶ್ನೆಗೆ, ಅದು ಎಲ್ಲಿ, ಎಷ್ಟು ದೊಡ್ಡದಾಗಿ ಕಾಣಬೇಕೆಂಬುದೇ ಮೊದಲ ಅಳತೆಗೋಲು. ವೆಕ್ಟರ್ ಪಿಡಿಎಫ್ ಆಕಾರಗಳನ್ನು ಗಣಿತದ ರೇಖೆಗಳಾಗಿ ಇಟ್ಟುಕೊಳ್ಳುವುದರಿಂದ ವಿಸಿಟಿಂಗ್ ಕಾರ್ಡಿಗೂ 10 ಅಡಿಯ ನಾಮಫಲಕಕ್ಕೂ ಒಂದೇ ಫೈಲ್ ಸಾಕು. ಪಿಎನ್‌ಜಿ, ಜೆಪೆಗ್‌ಗಳಲ್ಲಿ ಪಿಕ್ಸೆಲ್‌ಗಳ, ಅಂದರೆ ಚಿತ್ರವನ್ನು ರೂಪಿಸುವ ಪುಟ್ಟ ಚುಕ್ಕಿಗಳ ಸಂಖ್ಯೆ ಮೊದಲೇ ನಿಗದಿಯಾಗಿರುತ್ತದೆ. ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ ಸಾಮಾನ್ಯವಾಗಿ ಅಂಗುಲಕ್ಕೆ 300 ಪಿಕ್ಸೆಲ್ ಬೇಕಾದ್ದರಿಂದ, 600 ಪಿಕ್ಸೆಲ್ ಅಗಲದ ಚಿತ್ರ 2 ಅಂಗುಲ ದಾಟಿದರೆ ಮಸುಕಾಗತೊಡಗುತ್ತದೆ.

ಪಿಡಿಎಫ್ ಕೊಡುವಾಗ ಅಕ್ಷರಗಳನ್ನು ಔಟ್‌ಲೈನ್‌ಗೆ, ಅಂದರೆ ಫಾಂಟ್ ಬೇಕಿಲ್ಲದ ಬರಿಯ ಆಕಾರಗಳಿಗೆ, ಬದಲಾಯಿಸಿಯೇ ಕೊಡಿ. ಮುದ್ರಣಾಲಯದವರು ಫೈಲನ್ನು ತಿದ್ದಲು ತೆರೆದಾಗ ನಿಮ್ಮ ಫಾಂಟ್ ಅವರಲ್ಲಿ ಇಲ್ಲದಿದ್ದರೆ ಕನ್ನಡದ ಒತ್ತಕ್ಷರಗಳು ಚದುರಿಹೋಗಬಹುದು. ಅಂಗಡಿಯ ಹೆಸರೇ ತಪ್ಪಾಗಿ ಅಚ್ಚಾಗುವುದು ನಿಜಕ್ಕೂ ನೋವಿನ ಸಂಗತಿ.

ಹಿನ್ನೆಲೆಯ ವಿಷಯದಲ್ಲಿ ಪಿಎನ್‌ಜಿ ಮೇಲು: ಪಾರದರ್ಶಕತೆಯನ್ನು ಉಳಿಸಿಕೊಳ್ಳುವ ಅದು ಜಾಲತಾಣದ ಬಣ್ಣದ ಪಟ್ಟಿಯ ಮೇಲೂ ಚೊಕ್ಕವಾಗಿ ಕೂರುತ್ತದೆ. ಜೆಪೆಗ್‌ನಲ್ಲಿ ಬಿಳಿ ಚೌಕ ಉಳಿದುಬಿಡುತ್ತದೆ, ಅಕ್ಷರಗಳ ಅಂಚೂ ಕದಡುತ್ತದೆ. ಆದರೂ ಕೇಕಿನ ಛಾಯಾಚಿತ್ರದ ಮೇಲೆ ಲೋಗೊ ಇರಿಸಿದ ಜಾಹೀರಾತನ್ನು ಹಂಚಲು ಅದರ ಹಗುರವಾದ ಫೈಲೇ ಅನುಕೂಲ.

ವಾಟ್ಸಾಪ್‌ನ ದುಂಡನೆಯ ಪ್ರೊಫೈಲ್ ಚಿತ್ರಕ್ಕಾದರೆ, ಚೌಕಾಕಾರದ ಪಿಎನ್‌ಜಿಯಲ್ಲಿ ಸುತ್ತಲೂ ಜಾಗ ಬಿಟ್ಟು, ಹೆಸರನ್ನು ಕೈಬಿಟ್ಟು, ಚಿಹ್ನೆಯನ್ನಷ್ಟೇ ಇಡುವುದು ಲೇಸು.